ಹೀಟರ್ ವಾಲ್ವ್ ತೆಗೆಸಬಹುದಾ? ಘಾಟಿಯಲ್ಲಿ ಹಳೆ ಕಾರು ಓಡಿಸುವವರ ಅನುಭವ

ಮೂಡಿಗೆರೆಯಿಂದ ಪ್ರಶ್ನೆ:

ನಮ್ಮಲ್ಲಿ 1990ರ ದಶಕದ ಪೆಟ್ರೋಲ್ ಕಾರು ಇದೆ. ಅಪ್ಪ ತಗೊಂಡಿದ್ದು, ಮಾರುವ ಮನಸ್ಸಿಲ್ಲ. ಬಾನೆಟ್ ಒಳಗಿನ ಹೀಟರ್ ವಾಲ್ವ್, ಅಂದರೆ ಹೀಟರಿಗೆ ಬಿಸಿ ನೀರು ಬಿಡುವ ನಲ್ಲಿ, ಸೀಳಿದೆ, ಪ್ಲಾಸ್ಟಿಕ್ಕಿನದು. ಕೂಲಂಟ್ (ಎಂಜಿನ್ ತಣಿಸುವ ದ್ರವ) ತೊಟ್ಟಿಕ್ಕುತ್ತದೆ. ಚಾರ್ಮಾಡಿ ಹತ್ತಿ ಕೊಟ್ಟಿಗೆಹಾರ ಮುಟ್ಟುವಷ್ಟರಲ್ಲಿ ಟೆಂಪರೇಚರ್ ಮುಳ್ಳು ಕೆಂಪು ಗೆರೆ ಹತ್ತಿರ ಬರುತ್ತದೆ. ಅದೇ ವಾಲ್ವ್ ಎಲ್ಲೂ ಸಿಗುತ್ತಿಲ್ಲ. ಮೆಕ್ಯಾನಿಕ್ ಕೇಳಿದರೆ, ಕಿತ್ತು ಹಾಕಿ ಪೈಪ್ ಮುಚ್ಚಿಬಿಡೋಣ, ಹೀಟರ್ ಯಾರಿಗೆ ಬೇಕು ಅಂತಾರೆ. ಮಾಡಿಸಬಹುದಾ? ಮಾಡಿಸಿದವರು ದಯವಿಟ್ಟು ಹೇಳಿ.

ಚಿಕ್ಕಮಗಳೂರಿನಿಂದ:

ಮೊದಲು ಆ ಕಾರನ್ನು ಘಾಟಿಗೆ ಒಯ್ಯುವುದು ನಿಲ್ಲಿಸಿ ಸಾರ್. ತೊಟ್ಟು ತೊಟ್ಟು ಸೋರಿದರೆ ಏನಾಗುತ್ತೆ ಅನ್ನಿಸಬಹುದು. ಆದರೆ ಹೋಗುವುದು ನೀರು ಮಾತ್ರ ಅಲ್ಲ, ಒಳಗಿನ ಪ್ರೆಶರ್ ಕೂಡ. ರೇಡಿಯೇಟರ್ ಕ್ಯಾಪ್ ಪ್ರೆಶರ್ ಹಿಡಿದಿಡುವುದರಿಂದಲೇ ಕೂಲಂಟ್ 100 ಡಿಗ್ರಿ ದಾಟಿದರೂ ಕುದಿಯುವುದಿಲ್ಲ. ಎಲ್ಲೋ ಒಂದು ಕಡೆ ಸೀಳು ಇದ್ದರೆ ಆ ರಕ್ಷಣೆ ಇಲ್ಲ. ನಮ್ಮ ಎತ್ತರದಲ್ಲಿ ತೆರೆದ ಪಾತ್ರೆಯ ನೀರು 96-97 ಡಿಗ್ರಿಗೇ ಕುದಿಯುತ್ತದೆ. ಮುಳ್ಳಯ್ಯನಗಿರಿ ಸುಮಾರು 1,930 ಮೀಟರ್, ಅಲ್ಲಿ ಇನ್ನೂ ಕಮ್ಮಿ. ಬಿಸಿಗೆ ಹೆಡ್ ಗ್ಯಾಸ್ಕೆಟ್ (ಎಂಜಿನ್ನಿನ ತಲೆಭಾಗದ ಸೀಲ್) ಹೋದರೆ ವಾಲ್ವಿನ ಹತ್ತಾರು ಪಟ್ಟು ಖರ್ಚು.

ಈಗ ತೆಗೆಸುವ ವಿಷಯ. ವಾಲ್ವ್ ತೆಗೆಸುವುದು ಬೇರೆ, ಹೀಟರನ್ನೇ ಕಡಿದು ಹಾಕುವುದು ಬೇರೆ. ನಿಮ್ಮ ಮೆಕ್ಯಾನಿಕ್ ಎರಡನ್ನೂ ಒಟ್ಟಿಗೆ ಮಾಡಲು ಹೊರಟಿದ್ದಾರೆ. ಮೂಡಿಗೆರೆಯಲ್ಲಿ ಇದ್ದುಕೊಂಡು ಹೀಟರ್ ಕಳೆದುಕೊಳ್ಳಬೇಡಿ. ಜೂನ್‌ನಿಂದ ಸೆಪ್ಟೆಂಬರ್ ತನಕ ಚಾರ್ಮಾಡಿಯಲ್ಲಿ ಗಾಜಿನ ಒಳಗೆ ಹಬೆ ಕಟ್ಟಿದರೆ ಎದುರಿನ ಲಾರಿಯ ಲೈಟೂ ಕಾಣುವುದಿಲ್ಲ. ಎಸಿ ಸರಿಯಿಲ್ಲದ ಹಳೆ ಗಾಡಿಯಲ್ಲಿ ಗಾಜು ಬೇಗ ತಿಳಿಯಾಗುವುದು ಹೀಟರ್ ಬಿಸಿಗಾಳಿಯಿಂದ. ಇನ್ನೊಂದು, ಏರಿನಲ್ಲಿ ಮುಳ್ಳು ಮೇಲೆ ಹೋದಾಗ ಎಸಿ ಆಫ್ ಮಾಡಿ ಹೀಟರ್ ಪೂರ್ತಿ ಆನ್ ಮಾಡಿದರೆ ಅದೇ ಪುಟ್ಟ ರೇಡಿಯೇಟರ್ ತರ ಕೆಲಸ ಮಾಡುತ್ತದೆ. ಕಾಲಿಗೆ ಬಿಸಿ ತಾಗುತ್ತೆ ನಿಜ, ಎಂಜಿನ್ ಉಳಿಯುತ್ತೆ.

ಹಾಗಾದರೆ ವಾಲ್ವ್ ಬದಲು ಏನು? ಮೊದಲು ಎರಡು ವಿಷಯ ನೋಡಿಕೊಳ್ಳಿ. ಡ್ಯಾಶ್‌ಬೋರ್ಡಿನ ಬಿಸಿ-ತಣ್ಣನೆ ನಾಬ್ ತಿರುಗಿಸಿದಾಗ ಕೇಬಲ್ ಯಾವುದನ್ನು ಎಳೆಯುತ್ತದೆ? ಒಳಗಿನ ಗಾಳಿಯ ಬಾಗಿಲನ್ನೂ ಎಳೆಯುತ್ತಿದ್ದರೆ ಬೇಸಿಗೆಯಲ್ಲಿ ಬಿಸಿಯನ್ನು ಅದೇ ತಡೆಯುತ್ತದೆ. ಆಗ ವಾಲ್ವ್ ತೆಗೆದು ನೇರ ಪೈಪ್ ಕೂಡಿಸಿದರೂ ಹೆಚ್ಚು ತೊಂದರೆ ಇಲ್ಲ. ವಾಲ್ವನ್ನು ಮಾತ್ರ ಎಳೆಯುತ್ತಿದ್ದರೆ, ನೇರ ಕೂಡಿಸಿದ ಮೇಲೆ ವರ್ಷವಿಡೀ ಕ್ಯಾಬಿನ್ ಕಾಯುತ್ತದೆ. ಏಪ್ರಿಲ್‌ನಲ್ಲಿ ಕಡೂರು, ಅರಸೀಕೆರೆ ಕಡೆ ಹೋದರೆ ಕೂರಲಾಗುವುದಿಲ್ಲ.

ಎರಡನೆಯದು, ವಾಲ್ವಿಗೆ ಎಷ್ಟು ಪೈಪ್ ಇದೆ ನೋಡಿ. ಎರಡಿದ್ದರೆ ಅದು ಸುಮ್ನೆ ನಲ್ಲಿ ಇದ್ದಂತೆ. ಮುಚ್ಚಿದರೆ ಹರಿವು ನಿಲ್ಲುತ್ತದೆ, ಎಂಜಿನ್ನಿಗೆ ಅದು ಒಗ್ಗಿದೆ. ನಾಲ್ಕಿದ್ದರೆ, ಹೀಟರ್ ಬೇಡ ಅಂದಾಗಲೂ ಕೂಲಂಟ್ ವಾಲ್ವ್ ಒಳಗೇ ತಿರುಗಿ ಎಂಜಿನ್ನಿಗೆ ವಾಪಸ್ ಹೋಗುತ್ತಿರುತ್ತದೆ. ಅಂಥ ಗಾಡಿಯಲ್ಲಿ ಪೈಪಿನ ಬಾಯಿ ಮುಚ್ಚಬಾರದು. ಥರ್ಮೋಸ್ಟಾಟ್ (ಎಂಜಿನ್ ಕಾದ ಮೇಲೆ ರೇಡಿಯೇಟರಿಗೆ ದಾರಿ ಬಿಡುವ ವಾಲ್ವ್) ಇನ್ನೂ ತೆರೆಯದ ಹೊತ್ತಿನಲ್ಲಿ ಕೆಲವು ಎಂಜಿನ್‌ಗಳಲ್ಲಿ ನೀರು ಸುತ್ತುವುದೇ ಆ ದಾರಿಯಲ್ಲಿ. ಹೀಟರ್ ಬೇಡವೇ ಬೇಡ ಅಂದರೆ ಎಂಜಿನ್ನಿಂದ ಬರುವ ಪೈಪನ್ನು ವಾಪಸ್ ಹೋಗುವ ಪೈಪಿಗೆ ಕೂಡಿಸಬೇಕು.

ಸಕಲೇಶಪುರದಿಂದ:

ನಮ್ಮದು ಎರಡು ಪೈಪಿನ ವಾಲ್ವ್. ನಾನು ಹಿತ್ತಾಳೆ ಬಾಲ್ ವಾಲ್ವ್ ಹಾಕಿಸಿದ್ದೇನೆ, ಎರಡೂ ಕಡೆ ಹಿತ್ತಾಳೆ ನಿಪ್ಪಲ್. ಮಳೆ ಶುರುವಾಗುವ ಮುಂಚೆ ಬಾನೆಟ್ ಎತ್ತಿ ತೆರೆಯುತ್ತೇನೆ, ಬೇಸಿಗೆಗೆ ಮುಚ್ಚುತ್ತೇನೆ. ಮನೆಯ ನಲ್ಲಿಗೆ ಹಾಕುವ ಪಿವಿಸಿ ವಾಲ್ವಾಗಲಿ ಜಾಯಿಂಟಾಗಲಿ ಹಾಕಿಸಬೇಡಿ, ಈ ಬಿಸಿಗೆ ಮೆತ್ತಗಾಗಿ ಕಳಚಿಕೊಳ್ಳುತ್ತದೆ. ತೋಟಕ್ಕೆ ನೀರು ಬಿಡುವ ಪೈಪಿನ ತುಂಡೂ ಬೇಡ. ಹೀಟರ್ ಹೋಸ್ ಅಂತಲೇ ಕೇಳಿ. ಅಳತೆ ಅಂದಾಜಿಗೆ ಬೇಡ, ಹಳೆ ತುಂಡನ್ನು ಅಂಗಡಿಗೆ ತಗೊಂಡು ಹೋಗಿ. ಹೋಸ್ ಚೂಪಾಗಿ ಮಡಚಬಾರದು, ಮಡಚಿದ ಜಾಗದಲ್ಲಿ ಹರಿವು ಕಟ್ಟುತ್ತದೆ.

ಬಿಚ್ಚುವಾಗ ಮೆಕ್ಯಾನಿಕ್ ಪಕ್ಕದಲ್ಲೇ ನಿಂತಿರಿ. ಹಳೆ ಹೋಸ್ ಪೈಪಿಗೆ ಅಂಟಿಕೊಂಡಿರುತ್ತದೆ, ಪಕ್ಕಡ್ ಹಿಡಿದು ತಿರುಚಿದರೆ ಹೀಟರ್ ಕೋರಿನ (ಡ್ಯಾಶ್‌ಬೋರ್ಡ್ ಒಳಗೆ ಗಾಳಿ ಕಾಯಿಸುವ ಪುಟ್ಟ ರೇಡಿಯೇಟರ್) ತೆಳು ಪೈಪ್ ಬುಡದಲ್ಲೇ ಬಿರುಕು ಬಿಡುತ್ತದೆ. ಕೋರ್ ತೆಗೆಯಬೇಕಾದರೆ ಡ್ಯಾಶ್‌ಬೋರ್ಡೇ ಬಿಚ್ಚಬೇಕಾಗಬಹುದು. ಬ್ಲೇಡಿನಲ್ಲಿ ಹೋಸನ್ನು ಉದ್ದಕ್ಕೆ ಸೀಳಿ, ಬಾಳೆದಿಂಡಿನ ಪಟ್ಟೆ ಸುಲಿದ ಹಾಗೆ ಸುಲಿಸಿ. ಹೋಸ್ ಹೇಗೂ ಹೊಸದು ಬರುತ್ತಲ್ಲ. ಒಳಗಿನ ಪೈಪಿನ ಮೇಲೆ ಬಿಳಿ ಪುಡಿ ಕಟ್ಟಿದ್ದರೆ ಉಜ್ಜಿ ತೆಗೆದ ಮೇಲೆಯೇ ಹೊಸ ಹೋಸ್ ಏರಿಸಬೇಕು. ಇಲ್ಲದಿದ್ದರೆ ಕ್ಲಿಪ್ ಎಷ್ಟು ಬಿಗಿ ಮಾಡಿದರೂ ಸೋರುತ್ತದೆ.

ಇನ್ನೊಂದು ನೋಡಿ. ಕಾರಿನ ಒಳಗೆ ಸಿಹಿ ವಾಸನೆ, ಗಾಜಿನ ಮೇಲೆ ಎಣ್ಣೆ ಸವರಿದಂಥ ಜಿಡ್ಡು, ಕಾಲಡಿ ಕಾರ್ಪೆಟ್ ಒದ್ದೆ ಇದ್ದರೆ ವಾಲ್ವ್ ಮಾತ್ರ ಅಲ್ಲ, ಕೋರೂ ಸೋರುತ್ತಿರಬಹುದು. ಆಗ ಕೋರ್ ರಿಪೇರಿ ಆಗುವ ತನಕ ಹೀಟರ್ ದಾರಿ ತಪ್ಪಿಸುವುದೇ ಸರಿ.

ಹಾಸನದಿಂದ:

ಇಬ್ಬರೂ ಗಾಳಿ ತೆಗೆಯುವುದನ್ನು ಹೇಳಲಿಲ್ಲ. ಜಾಸ್ತಿ ಗಾಡಿ ಕೆಡುವುದು ಇಲ್ಲೇ. ಕೆಲಸ ಚೆನ್ನಾಗಿಯೇ ಆಗಿರುತ್ತದೆ, ಒಳಗೆ ಗಾಳಿ ಸಿಕ್ಕಿಕೊಂಡು ಶಾಂತಿಗ್ರಾಮ ದಾಟುವ ಮುಂಚೆ ಬಿಸಿಯಾಗುತ್ತದೆ. ಮೂತಿ ಮೇಲಾಗುವಂತೆ ಇಳಿಜಾರಿನಲ್ಲಿ ನಿಲ್ಲಿಸಿ ಹ್ಯಾಂಡ್‌ಬ್ರೇಕ್ ಹಾಕಿ, ಹಿಂದಿನ ಚಕ್ರಕ್ಕೆ ಕಲ್ಲು ಕೊಡಿ. ಹೀಟರ್ ವಾಲ್ವ್ ಪೂರ್ತಿ ತೆರೆದಿರಲಿ. ಎಂಜಿನ್ ತಣ್ಣಗಿರುವಾಗಲೇ ನಿಧಾನ ತುಂಬಿಸಿ. ಮೇಲಿನ ಹೀಟರ್ ಹೋಸಿನ ಕ್ಲಿಪ್ ಸ್ವಲ್ಪ ಸಡಿಲಿಸಿದರೆ ಬುಸ್ ಅಂತ ಗಾಳಿ ಬಂದು ಆಮೇಲೆ ಕೂಲಂಟ್ ಬರುತ್ತದೆ. ಗುಳ್ಳೆ ನಿಂತ ಮೇಲೆ ಬಿಗಿ ಮಾಡಿ. ನಂತರ ಸ್ಟಾರ್ಟ್ ಮಾಡಿ ರೇಡಿಯೇಟರ್ ಫ್ಯಾನ್ ತಿರುಗುವ ತನಕ ಬಿಡಿ. ಎರಡೂ ಹೀಟರ್ ಹೋಸ್ ಮುಟ್ಟಿ ನೋಡಿ. ಒಂದು ಬಿಸಿ, ಇನ್ನೊಂದು ತಣ್ಣಗೆ ಇದ್ದರೆ ಗಾಳಿ ಇನ್ನೂ ಒಳಗಿದೆ, ಇಲ್ಲವೇ ಕೋರ್ ಕಟ್ಟಿದೆ. ಬಿಸಿ ಎಂಜಿನ್ನಿನ ಕ್ಯಾಪ್ ಮಾತ್ರ ಯಾವ ಕಾರಣಕ್ಕೂ ತೆರೆಯಬೇಡಿ.

ಬೇಲೂರಿನಿಂದ:

ಇಳಿಸಿದ ಹಳೆ ಕೂಲಂಟನ್ನು ಬಕೆಟ್ಟಿನಲ್ಲಿ ಅಂಗಳದಲ್ಲಿ ಇಡಬೇಡಿ. ಸಿಹಿ ಇರುತ್ತೆ, ನಾಯಿ ಕುಡಿಯುತ್ತದೆ. ಅದರಲ್ಲಿರುವ ಗ್ಲೈಕಾಲ್ ಕಿಡ್ನಿಯನ್ನೇ ತೆಗೆದುಬಿಡುತ್ತದೆ. ಕರುಗಳಿಗೂ ಅಪಾಯ. ಮುಚ್ಚಳದ ಕ್ಯಾನಿಗೆ ತುಂಬಿಸಿ ಗ್ಯಾರೇಜಿಗೆ ಕೊಡಿ.

ಮೂಡಿಗೆರೆಯಿಂದ ಮತ್ತೆ:

ಎಲ್ಲರಿಗೂ ಥ್ಯಾಂಕ್ಸ್. ನೋಡಿದೆ, ಎರಡೇ ಪೈಪ್. ಕೇಬಲ್ ವಾಲ್ವನ್ನು ಮಾತ್ರ ಎಳೆಯುತ್ತದೆ. ಕಾರ್ಪೆಟ್ ಒಣಗಿದೆ. ಹಿತ್ತಾಳೆ ವಾಲ್ವ್ ಹಾಕಿಸಲಾ? ಕೂಲಂಟ್ ಬದಲು ಬರೀ ಬಾವಿ ನೀರು ಸಾಕು ಅಂತಾರೆ, ಸರಿಯಾ?

ಚಿಕ್ಕಮಗಳೂರಿನಿಂದ:

ಹಿತ್ತಾಳೆಯದೇ ಹಾಕಿಸಿ. ಅದರ ಭಾರ ಹೋಸಿನ ಮೇಲೆ ಜೋತು ಬೀಳದಂತೆ ಒಂದು ಪಟ್ಟಿ ಕೊಟ್ಟು ಕಾರಿನ ಬಾಡಿಯ ತಗಡಿಗೆ ಕಟ್ಟಿಸಿ. ಹಳೆ ಕೇಬಲ್ಲಿನ ತುದಿ ಬೆಲ್ಟಿಗೂ ಸೈಲೆನ್ಸರ್ ಪೈಪಿಗೂ ತಾಗದ ಹಾಗೆ ಸುತ್ತಿ ಬಿಗಿಯಿರಿ. ಬಾವಿ ನೀರು ಬೇಡ ಸಾರ್, ಉಪ್ಪು ಕಟ್ಟುತ್ತದೆ, ತುಕ್ಕು ಹಿಡಿಯುತ್ತದೆ. ಕೂಲಂಟ್ ಅರ್ಧ, ಡಿಸ್ಟಿಲ್ಡ್ ವಾಟರ್ ಅರ್ಧ. ರೆಡಿ ಮಿಕ್ಸ್ ಆದರೆ ನೀರು ಸೇರಿಸಬೇಡಿ. ಸ್ವಲ್ಪ ಓಡಿಸಿ ಪೂರ್ತಿ ತಣ್ಣಗಾದ ಮೇಲೆ ಕ್ಲಿಪ್‌ಗಳನ್ನು ಇನ್ನೊಮ್ಮೆ ಬಿಗಿ ಮಾಡಿ, ಲೆವೆಲ್ ನೋಡಿ. ಅದಾದ ಮೇಲೆ ಘಾಟಿಗೆ ಇಳಿಸಿ.