ಸಹಾಯ ಬೇಕು: ಮೊದಲ ಪಿಸ್ತೂಲು ಯಾವುದು ತಗೊಳ್ಳಲಿ?

ಟೆಕ್ಸಸ್ ಕನ್ನಡಿಗರೇ, ನಿಮ್ಮಲ್ಲಿ ಶೂಟಿಂಗ್ ರೇಂಜಿಗೆ ಹೋಗುವವರು ಇದ್ದೀರಲ್ವಾ? ಮೊದಲ ಸಲ ಒಂದು 9 ಎಂಎಂ ಸೆಮಿ ಆಟೋಮ್ಯಾಟಿಕ್ ಕೊಳ್ಳಬೇಕು ಅಂತಿದ್ದೇನೆ. ಗುರಿ ಅಭ್ಯಾಸಕ್ಕೆ ಮಾತ್ರ, ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಾಡೋಕಲ್ಲ.

ರೇಂಜಿನಲ್ಲೇ ಬಾಡಿಗೆಗೆ ತಗೊಂಡು ಮೂರನ್ನು ಹೊಡೆದು ನೋಡಿದೆ. ಸಿಝಡ್ 75 ಉಕ್ಕಿನದು, ಹತ್ತಿರ ಹತ್ತಿರ 1 ಕೆಜಿ. ಅದಕ್ಕೇ ಒದೆತ ಕಡಿಮೆ. ಆದರೆ ಸ್ಲೈಡ್, ಅಂದರೆ ಹಿಂದಕ್ಕೆ ಎಳೆಯುವ ಮೇಲಿನ ಭಾಗ, ಫ್ರೇಮಿನ (ಕೆಳಗಿನ ಚೌಕಟ್ಟಿನ) ಒಳಗೆ ಓಡುತ್ತದೆ, ಹಿಡಿದೆಳೆಯಲು ಜಾಗ ಸಾಲದು, ನನ್ನ ಹೆಂಡತಿಗೆ ಬೆರಳು ಜಾರುತ್ತದೆ. ಗ್ಲಾಕ್ 19 ಗಟ್ಟಿ, ಒಪ್ಪಿದೆ. ಬಿಚ್ಚಿ ಒರೆಸಲು ಟ್ರಿಗರ್ ಒತ್ತಲೇಬೇಕು ಅನ್ನೋದು ಮಾತ್ರ ಯಾಕೋ ಹಿಡಿಸಲಿಲ್ಲ. ಸ್ಮಿತ್ ಅಂಡ್ ವೆಸನ್ ಎಂ ಅಂಡ್ ಪಿ 2.0ಗೆ ಆ ಕಾಟ ಇಲ್ಲ.

ವರ್ಷಗಟ್ಟಲೆ ಬಳಸಿದವರು ಹೇಳಿ, ಯಾವುದು ಜಾಸ್ತಿ ಬಾಳಿಕೆ ಬರುತ್ತದೆ? ಮನೆಯಲ್ಲಿ ಪುಟ್ಟ ಮಗು ಇದೆ, ಒಳ್ಳೆಯ ಬೀಗದ ಪೆಟ್ಟಿಗೆ ಗೊತ್ತಿದ್ದರೆ ಅದನ್ನೂ ತಿಳಿಸಿ.