ಐವರಿಯೋ, ಬೂದು ಛಾಯೆಯ ಆಫ್‌ವೈಟೋ? ಹೊಡೆಸಿದವರು ಹೇಳಿ

ನೀರ್ಚಾಲಿನಿಂದ: ನಮ್ಮದು ಮುರಕಲ್ಲಿನ (ಜಂಬಿಟ್ಟಿಗೆಯ) ಹಳೇ ಮನೆ, ಗೋಡೆ ನಯ ಮಾಡುವ ಪುಟ್ಟಿ ಮುಗಿದಿದೆ. ಚಾವಡಿಯ ಗೋಡೆಗೆ ಹಳದಿ ಕಡೆಯ ಐವರಿ ಬಣ್ಣವೋ, ಬೂದು ಕಡೆಯ ಆಫ್‌ವೈಟೋ? ಶೇಡ್ ಕಾರ್ಡಿನಲ್ಲಿ ಎರಡೂ ಒಂದೇ ಥರ ಕಾಣ್ತದೆ. ನೆಲ ರೆಡ್ ಆಕ್ಸೈಡ್. ಅನುಭವ ಇದ್ದವರು ತಿಳಿಸಿ.

ಪೆರ್ಲದಿಂದ: ಬೂದು ಬೇಡವೇ ಬೇಡ. ಅಂಗಡಿಯ ಟ್ಯೂಬ್‌ಲೈಟಿನಡಿ ಹಾಲಿನ ಹಾಗಿತ್ತು. ನಮ್ಮ ಕಿಟಕಿಯಾಚೆ ಅಡಿಕೆ ತೋಟ, ಒಳಗೆ ಬರುವ ಬೆಳಕೇ ಹಸಿರು. ಗೋಡೆಗೂ ಅದೇ ಹಿಡಿಯಿತು. ಮಳೆಗಾಲದ ಆಟಿ ತಿಂಗಳಲ್ಲಿ ಮೋಡ ಕವಿದರಂತೂ ಸಿಮೆಂಟ್ ಸಾರಣೆ ಮಾಡಿ ಬಿಟ್ಟ ಹಾಗೆ. ಲೀಟರಿಗೆ ನಾನೂರರ ಮೇಲಿನ ಎಮಲ್ಶನ್, ಇಬ್ಬರು ಪೈಂಟರಿಗೆ ತಲಾ 1,100 ಸಂಬಳ, ಚಾ ತಿಂಡಿ, ಮಧ್ಯಾಹ್ನದ ಊಟ, ಉಜ್ಜುವ ಕಾಗದ, ಟೇಪು ಎಲ್ಲ ನಮ್ಮದೇ. ಶೇಡ್ ಮಿಕ್ಸ್ ಮಾಡಿದ ಡಬ್ಬ ವಾಪಸ್ ಇಲ್ಲ ಅಂದರು. ಮುಚ್ಚಳ ತೆರೆಯದ ಬಕೆಟ್ ಇನ್ನೂ ಕೊಟ್ಟಿಗೆಯಲ್ಲುಂಟು. ಆಮೇಲೆ ಅದರ ಮೇಲೆಯೇ ಐವರಿ ಹೊಡೆಸಿದೆವು, ಈಗ ಮನೆಗೆ ಕಳೆ ಬಂದಿದೆ.

ಕುಂಬಳೆಯಿಂದ: ದೋಷ ಬಣ್ಣದ್ದಲ್ಲ ಅಕ್ಕ, ಬಲ್ಬಿನದು. 6500 ಕೆಲ್ವಿನ್‌ನ ಬಿಳಿ ಬಲ್ಬಿನಡಿ ಬೂದು ಸತ್ತೇ ಹೋಗ್ತದೆ. ನಮ್ಮಲ್ಲಿ ಅದೇ ಬೂದು, 3000 ಕೆಲ್ವಿನ್‌ನ ಹಳದಿ ಬೆಳಕಿನ ಬಲ್ಬ್ ಹಾಕಿದ್ದೇವೆ, ಬಂದವರೆಲ್ಲ ಯಾವ ಶೇಡ್ ಅಂತ ಕೇಳ್ತಾರೆ. ಐವರಿ ಹೊಡೆದದ್ದು ಉಪ್ಪಳದಲ್ಲಿ ನನ್ನ ತಮ್ಮ. ಪಡುವಣ ಕಿಟಕಿ, ಸಂಜೆ ಬಿಸಿಲು ಬಿದ್ದರೆ ಗೋಡೆ ಅರಸಿನ ಅರಸಿನ. ಅಲ್ಲೂ ಕೆಂಪು ನೆಲವೇ, ಗೋಡೆಯ ಕೆಳಗಿನ ಅರ್ಧ ಗುಲಾಬಿ ಹೊಡೀತದೆ.

ಪೆರ್ಲದಿಂದ: ಹಗಲೆಲ್ಲ ಬಲ್ಬ್ ಹೊತ್ತಿಸಿ ಕೂರುವುದಾ? ಮಳೆಗಾಲದಲ್ಲಿ ಕರೆಂಟ್ ಇರುವ ಊರಿನವರು ನೀವು.

ಮುಳ್ಳೇರಿಯದಿಂದ: ಪೈಂಟಿಂಗ್ ಕಂಟ್ರಾಕ್ಟ್ ನನ್ನ ಕೆಲಸ. ಗೋಡೆ ನೋಡದೆ ಶೇಡ್ ಮಾತಾಡ್ತಿದ್ದೀರಿ. ಮುರಕಲ್ಲು ಅಡಿಯಿಂದ ಪಸೆ (ತೇವ) ಎಳೀತದೆ. ಅದರ ಮೇಲೆ ಪುಟ್ಟಿ ಎಳೆದರೆ ಮೊದಲ ಮಳೆಗೇ ಉಬ್ಬಿ, ಬಿಳಿ ಉಪ್ಪು ಬಿಟ್ಟು ಉದುರ್ತದೆ. ಆಗ ಐವರಿಯೂ ಒಂದೇ, ಬೂದೂ ಒಂದೇ. ಪಸೆ ಇಲ್ಲ ಅಂತಾದರೆ ಸಣ್ಣ ಡಬ್ಬ ತಂದು ಎರಡು ಹಲಗೆಗೆ ಎರಡೆರಡು ಕೋಟ್ ಹೊಡೆದು, ಗೋಡೆಗೆ ಒರಗಿಸಿ, ಬೆಳಿಗ್ಗೆ, ಮಧ್ಯಾಹ್ನ, ದೀಪ ಹಚ್ಚಿದ ಮೇಲೆ ನೋಡಿ. ಹಳೇ ಬಣ್ಣದ ಪಕ್ಕದಲ್ಲೇ ಹೊಡೆದರೆ ಕಣ್ಣು ಮೋಸ ಹೋಗ್ತದೆ. ಬೇಕಾದಷ್ಟನ್ನೂ ಒಟ್ಟಿಗೇ ತಂದು ಒಂದೇ ಡ್ರಮ್ಮಿನಲ್ಲಿ ಕಲಸಿ. ಬೇರೆ ಬೇರೆ ದಿನ ಮಿಕ್ಸ್ ಮಾಡಿಸಿದ್ದು ಮೂಲೆಯಲ್ಲಿ ಗೆರೆ ಬರ್ತದೆ.

ಮಂಜೇಶ್ವರದಿಂದ: ಸುಣ್ಣ ಬಿಟ್ಟದ್ದಕ್ಕೇ ಈ ಅವಸ್ಥೆ. ಚಿಪ್ಪು ಸುಣ್ಣಕ್ಕೆ ಚೂರು ನೀಲಿ ಹಾಕಿ ಬಳಿದರೆ ಗೋಡೆ ಉಸಿರಾಡ್ತದೆ, ಪಸೆ ಹೊರಗೆ ಹೋಗ್ತದೆ. ನಮ್ಮಲ್ಲಿ ಈಗಲೂ ಅದೇ.

ಕುಂಬಳೆಯಿಂದ: ಗೋಡೆಗೆ ಒರಗಿ ಎದ್ದವರ ಅಂಗಿಯೆಲ್ಲ ಬಿಳಿ. ವರ್ಷ ವರ್ಷ ಬಳಿಯುವವರು ಯಾರು, ಮಾವ?

ಪೆರ್ಲದಿಂದ: ಕಂಟ್ರಾಕ್ಟಿನವರು ಇದ್ದಾರಲ್ಲ, ಕೇಳ್ತೇನೆ. ಡಬ್ಬದ ಮೇಲೆ ಬರೆದದ್ದಕ್ಕಿಂತ ಹೆಚ್ಚು ನೀರು ಯಾಕೆ ಹಾಕುವುದು? ನಮ್ಮಲ್ಲಿ ಎರಡನೇ ಕೋಟ್ ಆದ ಮೇಲೂ ಅಡಿಯ ಪುಟ್ಟಿ ಕಾಣ್ತಿತ್ತು.

ಮುಳ್ಳೇರಿಯದಿಂದ: ಎಲ್ಲರನ್ನೂ ಸೇರಿಸಿ ಹೇಳಬೇಡಿ. ನಾನು ಮನೆಯವರ ಎದುರೇ ಅಳೆದು ನೀರು ಹಾಕುವವ. ಕಡಿಮೆ ರೇಟಿಗೆ ಒಪ್ಪಿಸಿ, ಮೂರನೇ ಕೋಟ್ ಪುಕ್ಕಟೆ ಕೇಳುವವರೂ ಇದ್ದಾರೆ. ಅದನ್ನೂ ಬರೆಯಿರಿ.

ಪೆರ್ಲದಿಂದ: ನಾವು ಕೇಳಿದ ರೇಟು ಕೊಟ್ಟಿದ್ದೇವೆ. ಚೀಟಿ ಉಂಟು, ಬಂದು ನೋಡಿ.