ಕೆರೆ ಖಾಲಿ ಮಾಡೋ ವಿಚಾರ: ತೂಬು ಎತ್ತೋಕೆ ಮುಂಚೆ ಇಷ್ಟು ಕೇಳಿಸ್ಕೊಳ್ಳಿ

ಎಲ್ಲರಿಗೂ ನಮಸ್ಕಾರ. ನಿನ್ನೆ ಮೇಷ್ಟ್ರು ಕೆರೆ ಪ್ಲಾನಿನ ಫೋಟೋ ಹಾಕಿದಾಗಿಂದ ಗ್ರೂಪಲ್ಲಿ ಒಂದೇ ಸಮ ಜಗಳ ನಡೀತಿದೆ, ಎಲ್ಲಾ ಓದಿದೆ. ಟೈಪ್ ಮಾಡ್ತಾ ಕೂತ್ರೆ ಬೆಳಗಾಗುತ್ತೆ, ಬಾಯಲ್ಲೇ ಹೇಳ್ತೀನಿ. ಉದ್ದ ಆಗುತ್ತೆ, ಕೆಲಸ ಮಾಡ್ಕೊಂಡೇ ಕೇಳಿ.

ಪ್ಲಾನ್ ನೋಡದೇ ಇರೋರಿಗೆ ಒಂದೇ ಮಾತಲ್ಲಿ: ಜನವರೀಲಿ ತೂಬು, ಅಂದ್ರೆ ಏರಿ ಕೆಳಗೆ ನೀರು ಬಿಡೋ ಬಾಯಿ, ತೆಗೆದು ನಮ್ಮ 30 ಎಕರೆ ಕೆರೆ ಪೂರ್ತಿ ಖಾಲಿ ಮಾಡೋದು, ಹೂಳು ತೆಗೆದು ಎಲ್ಲಾ ಕಡೆ 3 ಮೀಟರ್ ಆಳ ಮಾಡೋದು, ಸುತ್ತ ಕಲ್ಲು ಕಟ್ಟಿ ವಾಕಿಂಗ್ ದಾರಿ, ಮಳೆಗಾಲಕ್ಕೆ ಮುಂಚೆ ಮುಗಿಸೋದು. ಹಕ್ಕಿ ಫೋಟೋ ಹಾಕೋ ಅಕ್ಕ ಕೆರೆ ಮುಟ್ಟಲೇಬೇಡಿ ಅಂತಾರೆ. ಅಸೋಸಿಯೇಷನ್ನೋರು ವಾಸನೆ, ಸೊಳ್ಳೆ ಸಾಕಾಗಿದೆ, ಈ ಬೇಸಿಗೇಲೇ ಮುಗಿಸಿ ಅಂತಾರೆ. ಮೀನಿನ ಟೆಂಡರ್ ಅಣ್ಣ, ನನ್ನ ಅವಧಿ ಮುಗೀಲಿ ಅಂತಾರೆ. ಮೂವರದೂ ಅರ್ಧರ್ಧ ಸರಿ.

ಅಕ್ಕಾ, ಮೊದಲು ನಿಮಗೆ. ಕೆರೆ ಬತ್ತೋದು ರೋಗ ಅಲ್ಲ. ಬೆಂಗಳೂರು, ಕೋಲಾರದ ಕಡೆ ಕೆರೆಗಳು ಜನ ಏರಿ ಕಟ್ಟಿ ಮಾಡಿದ್ದು. ಮಳೆಗೆ ತುಂಬೋದು, ಗದ್ದೆಗೆ ನೀರು ಬಿಡ್ತಾ ಬಿಡ್ತಾ ಇಳಿಯೋದು, ಎಷ್ಟೋ ಕೆರೆ ಬೇಸಿಗೇಲಿ ತಳ ಕಾಣೋದು. ನೀರಗಂಟಿ ತೂಬು ಎತ್ತೋನು, ರೈತರು ಗಾಡೀಲಿ ಗೋಡು, ಅಂದ್ರೆ ತಳದ ಹೂಳುಮಣ್ಣು, ಹೊಡ್ಕೊಂಡು ಹೋಗೋರು. ತಳಕ್ಕೆ ಬಿಸಿಲು ತಾಗೋದ್ರಿಂದ ಕೊಳೆತಿದ್ದು ಗಾಳಿಗೆ ಕರಗ್ತಿತ್ತು, ಹೂಳು ಬಿರುಕು ಬಿಟ್ಟು ಗಟ್ಟಿ ಆಗ್ತಿತ್ತು, ದಡದ ಹುಲ್ಲಿನ ಬೀಜ ಮೊಳೀತಿತ್ತು. ಈಗ ನಮ್ಮ ಕೆರೆ ವರ್ಷಪೂರ್ತಿ ತುಂಬಿರೋದು ಮಳೆ ನೀರಿಂದ ಅಲ್ಲ. ಬೇಸಿಗೇಲಿ ದಿನಕ್ಕೆ 5 ಮಿಲಿಮೀಟರ್ ಆವಿ ಆದ್ರೂ 30 ಎಕರೇಲಿ 6 ಲಕ್ಷ ಲೀಟರ್ ಹೋಗುತ್ತೆ. ಮಾರ್ಚಲ್ಲೂ ಮಟ್ಟ ಇಳೀತಿಲ್ಲ ಅಂದ್ರೆ ಅಷ್ಟು ನೀರು ಎಲ್ಲಿಂದಲೋ ಬರ್ತಿದೆ ಅಂತ ಅರ್ಥ. ಎಲ್ಲಿಂದ ಅಂತ ಮೂಗಿಗೇ ಗೊತ್ತಾಗುತ್ತೆ.

ಹಾಗಾಗಿ ನನ್ನ ಮಾತು ಇಷ್ಟೇ: ಖಾಲಿ ಮಾಡೋದಕ್ಕೆ ನನ್ನ ವಿರೋಧ ಇಲ್ಲ, ಆದ್ರೆ ಕೆರೆಗೆ ಬಂದು ಬೀಳೋ ಆ ಎರಡು ಕೊಳಚೆ ಪೈಪ್‌ಗಳು ಬಂದ್ ಆಗೋವರೆಗೂ ತೂಬು ಮುಟ್ಟಬಾರದು. ಲೆಕ್ಕ ನೋಡಿ. ಮಳೆ ಇಲ್ಲದ ದಿನ, ಬೆಳಿಗ್ಗೆ 8 ಗಂಟೆಗೆ ಒಂದು ಸಲ, ಮಧ್ಯಾಹ್ನ ಒಂದು ಸಲ, ರಾತ್ರಿ ಒಂದು ಸಲ ಆ ಎರಡೂ ಪೈಪ್‌ ಬಾಯಿಗೆ 20 ಲೀಟರ್ ಬಕೆಟ್ ಹಿಡೀರಿ. ಸರಾಸರಿ 2 ಸೆಕೆಂಡಿಗೆ ತುಂಬಿದ್ರೆ ಒಂದು ಪೈಪಿಂದ ದಿನಕ್ಕೆ 8.6 ಲಕ್ಷ ಲೀಟರ್. ಎರಡೂ ಸೇರಿ 17 ಲಕ್ಷ ಆಗುತ್ತೆ, ಆದ್ರೂ ಕಮ್ಮಿ ಹಿಡಿದು ಒಂದು ಎಂಎಲ್‌ಡಿ, ಅಂದ್ರೆ ದಿನಕ್ಕೆ 10 ಲಕ್ಷ ಲೀಟರ್ ಅಂತಲೇ ಇಟ್ಕೊಳ್ಳಿ. ಲೀಟರಿಗೆ 5 ಮಿಲಿಗ್ರಾಂ ಫಾಸ್ಫರಸ್ ಇದ್ರೂ ದಿನಕ್ಕೆ 5 ಕೆಜಿ, ವರ್ಷಕ್ಕೆ 1,800 ಕೆಜಿ. ಜೊಂಡು, ಅಂತರಗಂಗೆ, ಹಸಿರು ಪಾಚಿಗೆಲ್ಲ ಇದೇ ಗೊಬ್ಬರ. ತಳದ ಹೂಳಲ್ಲೂ ಇದೇ ಕೂತಿರುತ್ತೆ, ಆಮ್ಲಜನಕ ಕಮ್ಮಿ ಆದಾಗ ವಾಪಸ್ ನೀರಿಗೆ ಬಿಡುಗಡೆ ಆಗುತ್ತೆ. ಹೂಳು ತೆಗೆಯೋದು ಅದಕ್ಕೇ, ಒಪ್ತೀನಿ. ಆದ್ರೆ ತೆಗೆದು ಮತ್ತೆ ಅದೇ ಪೈಪಿಂದ ತುಂಬಿಸಿದ್ರೆ ನಾಲ್ಕೈದು ವರ್ಷದಲ್ಲಿ ಇದೇ ಗ್ರೂಪಲ್ಲಿ ಇದೇ ಜಗಳ.

ಬೆಳ್ಳಂದೂರು ನೋಡಿ ಅಂತ ಯಾರೋ ಬರೆದಿದ್ರು. ಸರಿ, ನೋಡೋಣ. ಸುಮಾರು 900 ಎಕರೆ ಕೆರೆ, 2017ರ ಫೆಬ್ರವರೀಲೂ 2018ರ ಜನವರೀಲೂ ಬೆಂಕಿ ಹತ್ತಿಕೊಂಡಿತ್ತು. ಹಸಿರು ನ್ಯಾಯಮಂಡಳಿ ಆದೇಶ ಆಯ್ತು, ಸಂತೋಷ್ ಹೆಗ್ಡೆಯವರ ಸಮಿತಿ ಬಂತು, 2020ರಲ್ಲಿ ಬಿಡಿಎ ಹೂಳು ತೆಗೆಸೋಕೆ ಶುರು ಮಾಡ್ತು. ಅಲ್ಲಿ ಮೊದಲು ಮಾಡಿದ್ದು ಬರೋ ನೀರನ್ನ ಬೇರೆ ಕಾಲುವೆಗೆ ತಿರುಗಿಸಿ ಕೆರೆಯಿಂದ ಆಚೆ ಸಾಗಿಸೋ ಕೆಲಸ. ಅಷ್ಟಾದ್ರೂ ಗಡುವು ಮೇಲೆ ಗಡುವು ಮುಂದಕ್ಕೆ ಹೋಯ್ತು. ಕೊಳಚೆ ತಿರುಗಿಸದೇ ನಾಲ್ಕು ತಿಂಗಳಲ್ಲಿ ನಾವು ಮುಗಿಸ್ತೀವಿ ಅನ್ನೋದು ನಗೋ ಮಾತು. ಉಲ್ಟಾ ಉದಾಹರಣೆ ಜಕ್ಕೂರು. ಸುಮಾರು 160 ಎಕರೆ. ಅಲ್ಲಿ ಎಸ್‌ಟಿಪಿ, ಅಂದ್ರೆ ಕೊಳಚೆ ನೀರು ಶುದ್ಧ ಮಾಡೋ ಘಟಕ ಇದೆ, ಅದರಿಂದ ಹೊರಬಂದ ನೀರು ಜೊಂಡು ಬೆಳೆದ ಜೌಗು ದಾಟಿ ಆಮೇಲೆ ಕೆರೆಗೆ. ನಮ್ಮ ಒಂದು ಎಂಎಲ್‌ಡಿಗೂ ಹಾಗೇ ಮಾಡಬೇಕು ಅಂದ್ರೆ, ಅರ್ಧ ಮೀಟರ್ ಆಳದ ಜೌಗಲ್ಲಿ ನೀರು 5 ದಿನ ನಿಲ್ಲೋಕೆ ಎರಡೂವರೆ ಎಕರೆ ಜಾಗ ಬೇಕು. ಅದೂ ಶುದ್ಧೀಕರಿಸಿದ ನೀರಿಗೆ. ಹಸಿ ಕೊಳಚೆ ಬಿಟ್ರೆ ಜೌಗೇ ಕೊಳೆತು ಹೋಗುತ್ತೆ. ಮೇಷ್ಟ್ರ ಪ್ಲಾನಲ್ಲಿ ಜೌಗಿಗೆ ಅಂತ ತೋರಿಸಿರೋದು ಮಳೆ ನೀರು ತರೋ ರಾಜಕಾಲುವೆ ಬಾಯಲ್ಲಿ ಒಂದು ಮೂಲೆ, ನೋಡಿದ್ರೆ ಅರ್ಧ ಎಕರೆಯೂ ಇಲ್ಲ.

ಈಗ ಖಾಲಿ ಮಾಡೋ ಕ್ರಮ. ಅಸೋಸಿಯೇಷನ್ನೋರು ಇದನ್ನ ಗಮನ ಇಟ್ಟು ಕೇಳಿ. ತೂಬು ಎತ್ತಿದ ತಕ್ಷಣ ನೀರು ಭರ್ರಂತ ಹೋಗಿಬಿಡುತ್ತೆ ಅನ್ಕೊಂಡಿದ್ದೀರಿ. ಒಂದು, ಹಳೇ ತೂಬಿನ ಒಳಬಾಯಿ ಹೂಳಲ್ಲಿ ಮುಚ್ಚಿಹೋಗಿರುತ್ತೆ. ಬಾಯಿಗಿಂತ ಕೆಳಗಿನ ನೀರು ಪಂಪಿಂದಲೇ ಬರಬೇಕು. ಎರಡು, ಬೇಗ ಹೋಗಲೂಬಾರದು. ಮಣ್ಣಿನ ಏರಿ ವರ್ಷಗಟ್ಟಲೆ ನೀರು ಕುಡಿದು ಕೂತಿದೆ. ಮುಂದಿನ ನೀರು ಸರಕ್ಕಂತ ಇಳಿದ್ರೆ ಏರಿ ಒಳಗಿನ ನೀರು ಅಷ್ಟು ಬೇಗ ಇಳಿಯಲ್ಲ, ಹೊರಗಿಂದ ಒತ್ತಿ ಹಿಡಿಯೋಕೆ ನೀರಿಲ್ಲ, ಒಳ ಇಳಿಜಾರು ಮಣ್ಣು ಸಮೇತ ಜಾರುತ್ತೆ. ಏರಿ ಮೇಲೆ ಉದ್ದುದ್ದ ಬಿರುಕು ಕಂಡ್ರೆ ಅದೇ ಸೂಚನೆ, ಆವತ್ತೇ ನಿಲ್ಲಿಸಬೇಕು. ದಿನಕ್ಕೆ ಅರ್ಧ ಅಡಿ ಮೀರದ ಹಾಗೆ ಇಳಿಸಿ. 6 ಇಂಚಿನ ಒಂದು ಪಂಪು ಗಂಟೆಗೆ ಒಂದೂವರೆ ಲಕ್ಷ ಲೀಟರ್ ಎಳೀತು ಅಂದ್ರೆ 20 ಗಂಟೇಲಿ 30 ಲಕ್ಷ, ನಮ್ಮ ಕೆರೇಲಿ ಅದು ಬರೀ ಒಂದು ಇಂಚು. ನಾಲ್ಕು ಪಂಪು ಇಟ್ರೆ ನಾಲ್ಕು ಇಂಚು, ಏರಿಗೂ ಕ್ಷೇಮ.

ಇಲ್ಲಿ ಅಕ್ಕನಿಗೆ ಒಂದು ಒಳ್ಳೇ ಸುದ್ದಿ. ಹೀಗೆ ನಿಧಾನಕ್ಕೆ ಇಳಿಸಿದ್ರೆ ದಿನಾ ಒಂದು ಪಟ್ಟಿ ಹೊಸ ಕೆಸರು ತೆರೆಯುತ್ತೆ, ಗದ್ದೆಗೊರವ, ಮೆಟ್ಟುಗಾಲು ಹಕ್ಕಿಗೆ ಹಬ್ಬ. ವಲಸೆ ಹಕ್ಕಿ ಮಾರ್ಚ್ ಹೊತ್ತಿಗೆ ಹೊರಡುತ್ತೆ, ಗುಳುಮುಳುಕ, ನಾಮದ ಕೋಳಿಗೆ ಮಾತ್ರ ಎಲ್ಲೋ ಒಂದು ಕಡೆ ಆಳ ನೀರು ಉಳಿಸ್ಬೇಕು.

ಕೊನೇ ಎರಡು ಅಡಿ ನೀರೇ ಅಪಾಯದ್ದು. ಕಪ್ಪು, ಆಮ್ಲಜನಕ ಇಲ್ಲದ ನೀರು. ಅದನ್ನ ಹಾಗೇ ಕೆಳಗಿನ ಕೆರೆಗೆ ಬಿಟ್ರೆ ಅಲ್ಲಿ ಮೀನು ಸಾಯುತ್ತೆ, ಆ ಊರೋರು ಬಂದು ನಮ್ಮನ್ನ ಹಿಡ್ಕೋತಾರೆ, ಅವರು ಮಾಡೋದು ಸರೀನೇ. ನಮ್ಮ ಕೆರೇಲೂ ಅಷ್ಟೇ. ಮೀನೆಲ್ಲ ಒಂದು ಗುಂಡೀಲಿ ಸೇರುತ್ತೆ, ರಾತ್ರಿಯೆಲ್ಲ ಆಮ್ಲಜನಕ ಇಳಿದು ಇಳಿದು ಬೆಳಗಿನ ಜಾವ ಬಾಯಿ ಮೇಲೆತ್ತಿ ಒದ್ದಾಡುತ್ತೆ, ಬಿಸಿಲು ಬರೋ ಹೊತ್ತಿಗೆ ಬಿಳೀ ಹೊಟ್ಟೆ ತೋರಿಸ್ಕೊಂಡು ತೇಲುತ್ತೆ. 2016ರ ಮಾರ್ಚಲ್ಲಿ ಹಲಸೂರು ಕೆರೆ ದಡದಲ್ಲಿ ಸತ್ತ ಮೀನಿನ ರಾಶಿ ಎಲ್ಲರೂ ನೋಡಿದ್ದೇ. ಅದಕ್ಕೇ ಟೆಂಡರ್ ಅಣ್ಣನ್ನ ವಿರೋಧಿ ಅಂತ ನೋಡಬೇಡಿ, ಅವರೇ ಇಲ್ಲಿ ಮುಖ್ಯ. ನೀರು ಮೂರು ಅಡಿಗೆ ಬರೋಕೆ ಮುಂಚೆ ಅವರ ಬಲೆ ಇಳೀಬೇಕು. ಅವಧಿ ಉಳಿದಿದ್ರೆ ಮೀನುಗಾರಿಕೆ ಇಲಾಖೆ ಜೊತೆ ಮಾತಾಡಿ ಪರಿಹಾರಾನೋ ವಿಸ್ತರಣೇನೋ ಬರಹದಲ್ಲಿ ಕೊಡಿಸಿ. ಅಣ್ಣಾ, ನಿಮಗೂ ಒಂದು ಮಾತು: ಬಲೇಲಿ ಬರೋ ಆಫ್ರಿಕನ್ ಕ್ಯಾಟ್‌ಫಿಶ್ ವಾಪಸ್ ಬಿಡಬೇಡಿ. 2000ನೇ ಇಸವಿಯಿಂದ ಅದರ ಸಾಕಣೆಗೆ ನಿಷೇಧ ಇದೆ, ಸಣ್ಣ ಮೀನು, ಕಪ್ಪೆ ಎಲ್ಲಾ ಗುಳುಂ ಮಾಡುತ್ತೆ. ಕೆಸರಲ್ಲಿ ಹೂತ್ಕೊಂಡೂ ಬದುಕುತ್ತೆ, ಆದ್ರಿಂದ ಕೊನೇ ಗುಂಡೀನ ಕೈಯಲ್ಲಿ ಜಾಲಾಡ್ಬೇಕು. ಕೆರೆ ಖಾಲಿ ಮಾಡೋದ್ರ ದೊಡ್ಡ ಲಾಭಗಳಲ್ಲಿ ಇದೂ ಒಂದು, ಯಾರೂ ಇದರ ಬಗ್ಗೆ ಮಾತಾಡ್ಲಿಲ್ಲ.

ಹೂಳಿನ ಲೆಕ್ಕ. ಒಂದು ಎಕರೆ, ಒಂದು ಮೀಟರ್ ದಪ್ಪ ಅಂದ್ರೆ 4,047 ಘನ ಮೀಟರ್. ಒದ್ದೆ ಹೂಳು ತೂಕ ಜಾಸ್ತಿ, ಹತ್ತು ಚಕ್ರದ ಟಿಪ್ಪರಿಗೆ 10 ಘನ ಮೀಟರಿಗಿಂತ ಜಾಸ್ತಿ ಹಾಕಿದ್ರೆ ಓವರ್‌ಲೋಡು, ರಸ್ತೆ ತುಂಬಾ ಚೆಲ್ಲುತ್ತೆ. ಎಕರೆಗೆ 400 ಲೋಡು, 30 ಎಕರೆಗೆ 12,000. ದಿನಕ್ಕೆ 100 ಲೋಡು ಹೋದ್ರೆ 120 ದಿನ, ಒಂದು ದಿನವೂ ರಜೆ ಇಲ್ಲದೆ. ಅದು ಹೂಳು ಒಣಗಿದ ಮೇಲಿನ ಮಾತು. ಜನವರೀಲಿ ತೂಬು ತೆಗೆದ್ರೆ ನೀರು ಇಳಿಯೋಕೇ ತಿಂಗಳು, ಒಣಗೋಕೆ ಇನ್ನೊಂದು ತಿಂಗಳು. ಮೇಲ್ಪದರ ಹತ್ತು ಹದಿನೈದು ದಿನಕ್ಕೆ ಬಿರುಕು ಬಿಟ್ಟು ಗಟ್ಟಿ ಕಾಣುತ್ತೆ, ನಂಬಿ ಜೆಸಿಬಿ ಇಳಿಸಿದ್ರೆ ಟೈರು ಹೂತು ಕೂರುತ್ತೆ. ಅಡ್ಡಡ್ಡ ಸಣ್ಣ ಕಾಲುವೆ ಹೊಡೆದು ನೀರು ತಗ್ಗಿಗೆ ಬಸಿಯೋ ಹಾಗೆ ಮಾಡ್ಬೇಕು, ಮುರ್ರಮ್, ಅಂದ್ರೆ ಗರಸು ಮಣ್ಣು, ಹಾಕಿ ದಾರಿ ಮಾಡ್ಬೇಕು, ಉದ್ದ ತೋಳಿನ ಹಿಟಾಚಿ ಬೇಕು. ಏಪ್ರಿಲ್ ಕೊನೆ, ಮೇ ತಿಂಗಳ ಗುಡುಗು ಮಳೆ ಎರಡು ಬಿದ್ರೆ ಕೆಲಸ ನಿಂತ ಹಾಗೇ. ಅರ್ಧ ಅಗೆದ ಕೆರೆಗೆ ಮಳೆಗಾಲ ಬಂದ್ರೆ ಎರಡೂ ಇಲ್ಲ, ಆಟದ ಮೈದಾನವೂ ಅಲ್ಲ, ಕೆರೆಯೂ ಅಲ್ಲ. 2022ರ ಸೆಪ್ಟೆಂಬರಲ್ಲಿ ಹೊರವರ್ತುಲ ರಸ್ತೆ ಏನಾಗಿತ್ತು ನೆನಪಿದೆಯಲ್ಲ, ಕಾಲುವೆ ಬಾಯಲ್ಲಿ ಮಣ್ಣಿನ ಗುಡ್ಡೆ ಬಿಟ್ಟು ಹೋದ್ರೆ ನಮ್ಮ ಬೇಸ್‌ಮೆಂಟೂ ಅಷ್ಟೇ.

ಅದಕ್ಕೇ ನಾನು ಹೇಳೋದು, ಎರಡು ವರ್ಷ, ಎರಡು ಭಾಗ. ನಡುವೆ ಕೆರೆಯದೇ ಜೇಡಿಮಣ್ಣಲ್ಲಿ ಒಂದು ಒಡ್ಡು ಹಾಕಿ, ಈ ಬೇಸಿಗೆ ಒಂದು ಅರ್ಧ, ಮುಂದಿನ ಬೇಸಿಗೆ ಇನ್ನೊಂದು. ಹಕ್ಕಿಗೆ, ಮೀನಿಗೆ ಯಾವತ್ತೂ ಅರ್ಧ ಕೆರೆ ಇರುತ್ತೆ. ಖರ್ಚು ಜಾಸ್ತಿ, ಹೌದು, ಒಡ್ಡಿನಿಂದ ಸೋರೋ ನೀರಿಗೆ ಪಂಪು ಓಡ್ತಾನೇ ಇರ್ಬೇಕು. ಆದ್ರೆ ಕೊನೇಲಿ ಆ ಒಡ್ಡನ್ನ ಪೂರ್ತಿ ಕೀಳಬೇಕಾಗಿಲ್ಲ, ಎರಡು ಮೂರು ಕಡೆ ಕಡಿದು ಉಳಿದಿದ್ದನ್ನ ಚೆನ್ನಾಗಿ ಗುದ್ದಿ ಗಟ್ಟಿ ಮಾಡಿದ್ರೆ ಅವೇ ದ್ವೀಪ. ಸುತ್ತ ಐದಾರು ಅಡಿ ಆಳ ಇರ್ಲಿ, ಬೀದಿ ನಾಯಿ ನಡ್ಕೊಂಡು ಹೋಗಿ ಮೊಟ್ಟೆ ತಿನ್ನದ ಹಾಗೆ.

ಎಲ್ಲಿವರೆಗೆ ಅಗೀಬೇಕು ಅನ್ನೋದು ಗುತ್ತಿಗೆದಾರರಿಗೆ ಬಿಡೋ ವಿಷಯ ಅಲ್ಲ. ಅವರಿಗೆ ಘನ ಮೀಟರ್ ಲೆಕ್ಕದಲ್ಲಿ ದುಡ್ಡು, ಅಗೀತಾನೇ ಇರ್ತಾರೆ. 50 ಮೀಟರಿಗೊಂದು ಕಡೆ ಎರಡು ಇಂಚಿನ ಪಿವಿಸಿ ಪೈಪು ಚುಚ್ಚಿ ಎತ್ತಿ, ಒಳಗಿಂದು ತಳ್ಳಿ ಉದ್ದಕ್ಕೆ ಹಾಸಿ ನೋಡಿ. ಮೇಲಿನ ಕಪ್ಪು, ಬೆರಳಿಗೆ ಜಿಡ್ಡು ಹತ್ತೋದು, ಕೊಳೆತ ಮೊಟ್ಟೆ ವಾಸನೆ, ಅದು ಕೊಳಚೆ ಹೂಳು, ಅಷ್ಟೂ ಹೋಗ್ಬೇಕು. ಅದರ ಕೆಳಗೆ ಕಂದು, ಮರಳು ಮರಳು, ಹಲ್ಲಿಗೆ ಸಿಕ್ಕ ಹಾಗೆ ಚರಪರ ಅನ್ನೋದು ಮಳೆ ತಂದ ಮಣ್ಣು. ಅದಕ್ಕೂ ಕೆಳಗೆ ಬೂದಿ ಹಳದಿ, ಹೆಬ್ಬೆರಳು ತೋರುಬೆರಳ ನಡುವೆ ಒತ್ತಿದ್ರೆ ಮುರೀದೆ ರಿಬ್ಬನ್ ಥರ ಉದ್ದಕ್ಕೆ ಬರುತ್ತಲ್ಲ, ಅದು ಕೆರೆಯ ಮೂಲ ಜೇಡಿ. ಅಲ್ಲಿಗೆ ನಿಲ್ಲಿಸ್ಬೇಕು. ಅದನ್ನ ಒಡೆದ್ರೆ ಬೋರ್‌ವೆಲ್ಲಿಗೆ ಒಂದೆರಡು ವರ್ಷ ಖುಷಿ, ಆದ್ರೆ ಕೆರೇಲಿ ನೀರು ನಿಲ್ಲಲ್ಲ. ಇನ್ನು, ಹೂಳನ್ನ ತೋಟಕ್ಕೆ ಹಾಕ್ಕೋತೀವಿ ಅಂದೋರಿಗೆ: ಸೀಸ, ಕ್ರೋಮಿಯಂ, ಕ್ಯಾಡ್ಮಿಯಂ, ನಿಕಲ್ ಲ್ಯಾಬಲ್ಲಿ ನೋಡಿಸದೇ ಸೊಪ್ಪು ತರಕಾರಿ ಜಮೀನಿಗೆ ಒಂದು ಬಾಂಡ್ಲಿಯೂ ಬೇಡ.

ಮೂರು ಮೀಟರ್ ಎಲ್ಲಾ ಕಡೆ, ಸುತ್ತ ಕಲ್ಲಿನ ಗೋಡೆ ಅನ್ನೋದನ್ನ ಮಾತ್ರ ನಾನು ಒಪ್ಪೋದೇ ಇಲ್ಲ. ಅದು ಸೂಪಿನ ಬಟ್ಟಲು, ಕೆರೆ ಅಲ್ಲ. ಉದ್ದ ಕಾಲಿನ ಹಕ್ಕಿಗಳು ಹೆಚ್ಚಾಗಿ ಮೇಯೋದು ಗೇಣುದ್ದಕ್ಕಿಂತ ಕಮ್ಮಿ ನೀರಲ್ಲಿ, ದೇವನಕ್ಕಿಗೆ ತೇಲೋ ಎಲೆ ಬೇಕು, ಜಂಬುಕೋಳಿಗೆ ಜೊಂಡು ಬೇಕು. ದಡದ ಅರ್ಧ ಭಾಗಕ್ಕಾದ್ರೂ ಹತ್ತಡಿಗೆ ಒಂದಡಿ ಇಳಿಜಾರು ಕೊಡಿ, ನಡುವೆ ಬೇಕಾದ್ರೆ ಮೂರು ಮೀಟರ್. ನಡುವಿನ ಆಳ ಐದಡಿ ದಾಟಿದ್ರೆ ಜೊಂಡು ಒಳಗೆ ನುಗ್ಗಲ್ಲ, ವಾಕಿಂಗ್ ಬರೋರಿಗೆ ನೀಲಿ ನೀರೂ ಕಾಣುತ್ತೆ. ಸರ್ಜಾಪುರ ರಸ್ತೆಯ ಕೈಕೊಂಡ್ರಹಳ್ಳಿ ಕೆರೆ ಹೋಗಿ ನೋಡ್ಕೊಂಡು ಬನ್ನಿ, 48 ಎಕರೆ, 2009ರಿಂದ 2011ರ ಹೊತ್ತಿಗೆ ಊರೋರೂ ಪಾಲಿಕೆಯೂ ಸೇರಿ ಮಾಡಿದ್ದು. ವಾಕಿಂಗ್ ದಾರಿಯೂ ಇದೆ, ಹಕ್ಕಿಯೂ ಇದೆ.

ಮರೆತಿದ್ದೆ, ಅಂತರಗಂಗೆ. ನೇರಳೆ ಹೂವಿನದು. ಖಾಲಿ ಮಾಡಿದ್ರೆ ಸಾಯುತ್ತೆ ಅಂತ ಬರೆದಿದ್ರಲ್ಲ, ಗಿಡ ಸಾಯುತ್ತೆ, ಬೀಜ ಸಾಯಲ್ಲ. ಹೂಳಲ್ಲಿ ಹದಿನೈದು ವರ್ಷಕ್ಕೂ ಮೇಲೆ ಜೀವ ಹಿಡ್ಕೊಂಡಿರುತ್ತೆ, ಮತ್ತೆ ಅದು ಮೊಳೆಯೋದೇ ಕೆಸರು ತೆರೆದು ಬೆಳಕು ಬಿದ್ದಾಗ. ಮೊದಲ ಮಳೆ ಆದ್ಮೇಲೆ ದಡದಲ್ಲಿ ಉಗುರಗಲದ ಸಸಿ ಹಾಸಿ ಬಂದಿರುತ್ತೆ. ಮೂರು ನಾಲ್ಕು ವಾರದೊಳಗೆ ಕೈಯಲ್ಲೇ ಕಿತ್ರೆ ಮುಗೀತು. ಬಿಟ್ರೆ ಎರಡು ವಾರಕ್ಕೆ ದುಪ್ಪಟ್ಟು ಲೆಕ್ಕದಲ್ಲಿ ದೀಪಾವಳಿ ಹೊತ್ತಿಗೆ ಕೆರೆ ಮುಚ್ಚುತ್ತೆ. ಟೆಂಡರಲ್ಲಿ ಹೂಳು ತೆಗೆಯೋದು ಮಾತ್ರ ಬರೆದಿದ್ದಾರೆ, ಆಮೇಲಿನ ಒಂದು ವರ್ಷದ ಕಳೆ ಕೆಲಸ ಸೇರಿಸಿಲ್ಲ. ಸೇರಿಸಿಕೊಳ್ಳಿ.

ಇನ್ನೊಂದು, ಕೋಡಿ, ಅಂದ್ರೆ ಕೆರೆ ತುಂಬಿದಾಗ ಹೆಚ್ಚಾದ ನೀರು ಹೊರಗೆ ಹೋಗೋ ಜಾಗ. ಅದನ್ನ ಅರ್ಧ ಅಡಿ ಏರಿಸ್ತೀವಿ ಅಂತ ಪ್ಲಾನಲ್ಲಿದೆ. ಅರ್ಧ ಅಡಿ ಏರಿಸಿದ್ರೆ ನಾವು ಮಾಡೋ ಇಳಿಜಾರು ದಡದಲ್ಲಿ ಐದಡಿ ಅಗಲದ ತೆಳು ನೀರಿನ ಜಾಗ ಮುಳುಗುತ್ತೆ, ಜೊತೆಗೆ ರಾಜಕಾಲುವೇಲಿ ನೀರು ಹಿಂದಕ್ಕೆ ಒತ್ತಿ ಮೇಲಿನ ಬಡಾವಣೆಗೆ ಹೋಗುತ್ತೆ. ಎಷ್ಟು ಅಂತ ಹೇಳೋಕೆ ಈಗಿನ ಕೋಡಿ ಮಟ್ಟ ಬೇಕು. ಮೇಷ್ಟ್ರೇ, ಎರಡನೇ ಹಾಳೆ ಫೋಟೋ ಮಸುಕಾಗಿ ಬಂದಿದೆ, ಆ ಅಂಕಿ ಓದೋಕೇ ಆಗ್ತಿಲ್ಲ. ಬೆಳಕಲ್ಲಿಟ್ಟು ಇನ್ನೊಂದು ಸಲ ತೆಗೆದು ಹಾಕಿ.